ತಟ್ಟೆಯಲ್ಲಿ ಉಳಿದ ಗೌಹರ್ ಜಾನ್

ತುಂಗಭದ್ರೆಯ ದಡದ ನಮ್ಮ ಮುಕ್ಕುಂದದ ಮನೆಯಲ್ಲಿ ಗ್ರಾಮೊಫೋನಿನ ಹಳೆಯ ತಟ್ಟೆಯೊಂದಿದೆ. ಬಾಲ್ಯದಲ್ಲಿ ಅದನ್ನು ಕೇಳಿದಾಗ ಹಾಡಿಗಿಂತ ಅದರ ಕೊನೆಯೇ ನನ್ನನ್ನು ಬೆರಗುಗೊಳಿಸಿತ್ತು. ಹಾಡು ಮುಗಿದೊಡನೆ ಗಾಯಕಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಸಾರುತ್ತಾಳೆ. ಆಕೆಯೇ ಗೌಹರ್ ಜಾನ್.

1873ರಲ್ಲಿ ಆಜಂಗಢದಲ್ಲಿ ಹುಟ್ಟಿದಾಗ ಆಕೆ ಏಂಜೆಲಿನಾ. ತಂದೆ ಆರ್ಮೇನಿಯ ಮೂಲದವನು. ದಾಂಪತ್ಯ ಮುರಿದು, ತಾಯಿ ಇಸ್ಲಾಮನ್ನು ಸ್ವೀಕರಿಸಿ ಮಲ್ಕಾ ಜಾನ್ ಎನಿಸಿದಳು, ಮಗಳು ಗೌಹರಳಾದಳು. ಕೀರ್ತಿ ಬಂದುದು ಕಲ್ಕತ್ತೆಯಲ್ಲಿ.

ಲಂಡನ್ನಿನ ಗ್ರಾಮೊಫೋನ್ ಕಂಪನಿ ಆಗಿನ್ನೂ ಎಳೆಯದು. ಭಾರತದಲ್ಲಿ ಅದು ನಡೆಸಿದ್ದು ಪ್ರಯೋಗವೇ ಸರಿ. 1902ರ ನವೆಂಬರಿನಲ್ಲಿ ಗೈಸ್‌ಬರ್ಗ್ ಎಂಬ ಅಮೆರಿಕನ್ನನು ಕಲ್ಕತ್ತೆಗೆ ಯಂತ್ರವನ್ನು ತಂದನು. ಮೈಕು ಇಲ್ಲದ ಕಾಲ. ದೊಡ್ಡ ತುತ್ತೂರಿಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಸೂಜಿ ಮೇಣದ ಮೇಲೆ ಗೆರೆ ಕೊರೆಯಬೇಕು. ಗಂಟೆಗಟ್ಟಲೆ ಅರಳುವ ಖಯಾಲನ್ನು ಮೂರು ನಿಮಿಷಕ್ಕೆ ಕುಗ್ಗಿಸುವುದೆಂದರೇನು! ಹಿಂಜರಿದ ಉಸ್ತಾದರು ಹಲವರು, ಗೌಹರ್ ಹಿಂಜರಿಯಲಿಲ್ಲ. ಮೇಣದ ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದವು. ಅಲ್ಲಿಯವರಿಗೆ ಗುರುತು ಸಿಗಲೆಂದೇ ಆ ಹೆಸರಿನ ಘೋಷಣೆ. ನಾನಾದರೋ ಬಹುಕಾಲ ಅದನ್ನು ಗರ್ವವೆಂದೇ ಬಗೆದಿದ್ದೆ.

ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ತಟ್ಟೆಗಳು ಹೊರಬಂದವು. ಗಳಿಸಿದ್ದು ವ್ಯಾಜ್ಯಗಳಲ್ಲಿ ಕರಗಿತು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತಿಂಗಳಿಗೆ 500 ರೂಪಾಯಿ ಗೊತ್ತುಮಾಡಿ ಆಸ್ಥಾನದಲ್ಲಿ ಆಶ್ರಯವಿತ್ತರು. ಎರಡು ವರ್ಷವೂ ತುಂಬಲಿಲ್ಲ. 1930ರ ಜನವರಿ 17ರಂದು ಮೈಸೂರಿನ ಆಸ್ಪತ್ರೆಯಲ್ಲಿ ಆಕೆ ಕಣ್ಮುಚ್ಚಿದಳು.

ನಮ್ಮ ಮನೆಯ ತಟ್ಟೆಯಲ್ಲಿ ಹಾಡಿನ ಅರ್ಧಭಾಗ ಗೀರುಗಳಲ್ಲಿ ಅಳಿಸಿಹೋಗಿದೆ. ಹೆಸರು ಮಾತ್ರ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.