ಒಂದು ಬಟ್ಟಲು ಗಂಜಿಯ ಋಣ



ಮಂಗಳೂರಿನ ಬಳಿಯ ಮುಡಿಪು ಪುಣ್ಯಕ್ಷೇತ್ರಕ್ಕೆ ನಿಮ್ಮಲ್ಲಿ ಹಲವರು ಯಾತ್ರೆ ಹೋಗಿ ಬಂದಿರಬಹುದು. ಅಲ್ಲಿ ನಾವು ಮೊರೆಯಿಡುವ ಸಂತ ಜೋಸೆಫ್ ವಾಜ್ ಶ್ರೀಲಂಕೆಯ ಪ್ರೇಷಿತರೆಂದೇ ಪ್ರಸಿದ್ಧರು. ಆದರೆ ಅವರು ನಮ್ಮ ಕನ್ನಡ ಕರಾವಳಿಯಲ್ಲೂ ದುಡಿದವರು, ಹಸಿವನ್ನು ಸ್ವತಃ ಉಂಡವರು ಎಂಬುದನ್ನು ನಾವು ಮರೆಯಬಾರದು.

1651ರ ಏಪ್ರಿಲ್ 21ರಂದು ಗೋವೆಯಲ್ಲಿ ಹುಟ್ಟಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. 1681ರಿಂದ 1684ರವರೆಗೆ ಕೆನರಾ ಸೀಮೆಯಲ್ಲಿ ಊರೂರು ಅಲೆದು ಚದುರಿದ್ದ ವಿಶ್ವಾಸಿಗಳನ್ನು ಒಂದುಗೂಡಿಸಿದರು. ಆ ಕಾಲಕ್ಕೆ ಶ್ರೀಲಂಕೆಯ ಕರಾವಳಿ ಡಚ್ಚರ ವಶದಲ್ಲಿತ್ತು. ಕಥೋಲಿಕ ಗುರುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಸಂಸ್ಕಾರಗಳಿಲ್ಲದೆ ಸೊರಗಿದ್ದ ಅಲ್ಲಿನ ಜನರಿಗಾಗಿ ವಾಜ್ ಸ್ವಾಮಿಯವರು 1687ರಲ್ಲಿ ಕೂಲಿಯವನ ವೇಷ ತೊಟ್ಟು, ಜಾನ್ ಎಂಬ ಸೇವಕನೊಡನೆ ಕಡಲು ದಾಟಿದರು.

ಜಾಫ್ನಾ ತಲುಪುವ ಹೊತ್ತಿಗೆ ಅವರ ದೇಹ ಕುಸಿದಿತ್ತು. ಪ್ರಯಾಣದ ಹಸಿವಿನ ಮೇಲೆ ರಕ್ತಭೇದಿಯೂ ಸೇರಿತು. ರೋಗ ತಮಗೂ ಅಂಟೀತೆಂದು ಜನ ಅವರನ್ನು ಊರಾಚೆಗೆ ಸಾಗಿಸಿದರು. ಅವರಿಬ್ಬರೂ ಅಲ್ಲಿ ಸಾಯದೆ ಉಳಿದದ್ದು ಹೇಗೆ ಗೊತ್ತೇ? ಒಬ್ಬ ಹೆಂಗಸು ಅವರಿಗೆ ಗಂಜಿ ತಂದುಕೊಡುತ್ತಿದ್ದಳೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಯೋಚಿಸಿ ನೋಡಿ: ಒಂದು ದ್ವೀಪದ ಧರ್ಮಸಭೆಯನ್ನೇ ಮತ್ತೆ ಎತ್ತಿ ನಿಲ್ಲಿಸಬೇಕಿದ್ದ ಗುರುವಿನ ಪ್ರಾಣ ಆ ಗಂಜಿಯ ಬಟ್ಟಲಿನಲ್ಲಿತ್ತು!

ಆ ಋಣವನ್ನು ತೀರಿಸುವ ಕಾಲವೂ ಬಂತು. 1692ರಲ್ಲಿ ಕ್ಯಾಂಡಿಗೆ ಹೋದ ಅವರನ್ನು ಗೂಢಚಾರನೆಂದು ಶಂಕಿಸಿ ಸೆರೆಯಲ್ಲಿಟ್ಟರು. ಅದೇ ಪಟ್ಟಣದಲ್ಲಿ 1697ರಲ್ಲಿ ಸಿಡುಬು ಹರಡಿತು. ಉಳ್ಳವರು ಊರು ಬಿಟ್ಟರು. ಮನೆಯವರೇ ರೋಗಿಗಳನ್ನು ಕಾಡಿಗೆ ಒಯ್ದು ಬಿಟ್ಟು ಬಂದರು. ಎಷ್ಟೋ ಮಂದಿ ರೋಗಕ್ಕಿಂತ ಮೊದಲು ಹಸಿವಿಗೇ ಬಲಿಯಾಗುವ ಸ್ಥಿತಿ ಅದು. ವಾಜ್ ಸ್ವಾಮಿಯವರು ಮಾತ್ರ ಕದಲಲಿಲ್ಲ. ಸೋದರಳಿಯ ಜೋಸೆಫ್ ಕರ್ವಾಲ್ಹೊ ಸ್ವಾಮಿಯವರೊಡನೆ ರೋಗಿಗಳನ್ನು ಹುಡುಕಿ ಹೋದರು. ಅವರಿಗೆ ಸೂರು ಕಲ್ಪಿಸಿದರು, ಹುಣ್ಣು ತೊಳೆದರು, ಉಣಿಸಿದರು, ಸತ್ತವರನ್ನು ಮಣ್ಣುಮಾಡಿದರು. ಕ್ರೈಸ್ತರೋ ಬೌದ್ಧರೋ ಎಂದು ವಿಚಾರಿಸಲಿಲ್ಲ. ಹಿಂದೆ ಅವರನ್ನು ಶಂಕಿಸಿದ್ದ ಬೌದ್ಧ ರಾಜನೇ ಈ ಸೇವೆಯನ್ನು ಮೆಚ್ಚಿದನು.

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲೇ ದೈವಾಧೀನರಾದರು. ಜಗದ್ಗುರು ಎರಡನೇ ಜಾನ್ ಪೌಲರು 1995ರಲ್ಲಿ ಅವರನ್ನು ಪುನೀತರೆಂದೂ, ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಸಂತರೆಂದೂ ಘೋಷಿಸಿದರು.

ಈಗ ನಮ್ಮ ಊರುಗಳ ಕಡೆ ನೋಡೋಣ. ತುಮಕೂರಿನವರಾದ ನಮಗೆ ಅನ್ನದಾನದ ಪಾಠ ಹೊಸದಲ್ಲ. ಸಿದ್ಧಗಂಗೆಯ ದಾಸೋಹದಲ್ಲಿ ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಬಡಿಸುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಷ್ಟು ದೊಡ್ಡ ಒಲೆ ನಮ್ಮ ಮನೆಯಲ್ಲಿಲ್ಲ ಎಂದು ನೀವು ಹೇಳಬಹುದು. ಜಾಫ್ನಾದ ಆ ಹೆಂಗಸಿಗೂ ಇದ್ದದ್ದು ಒಂದು ಮನೆಯ ಒಲೆಯೇ. ಗುಬ್ಬಿಯ ಒಂದು ಬೀದಿಯಲ್ಲಿ ಮಕ್ಕಳು ದೂರವಿರುವ ವೃದ್ಧೆಯೊಬ್ಬರು ಒಲೆ ಹಚ್ಚದೆ ಮಲಗಿರಬಹುದು. ಕುಣಿಗಲ್ ಕಡೆ ಕೂಲಿ ಸಿಗದ ದಿನ ಒಂದು ಮನೆ ನೀರು ಕುಡಿದು ದಿನ ಕಳೆದಿರಬಹುದು. ಅವರು ನಮ್ಮ ಬಾಗಿಲಿಗೆ ಬಂದು ಕೇಳುವುದಿಲ್ಲ. ಮಾನ ಅಡ್ಡ ಬರುತ್ತದೆ. ವಾಜ್ ಸ್ವಾಮಿಯವರಂತೆ ನಾವೇ ಹುಡುಕಿ ಹೋಗಬೇಕು.

ದಿನವೂ ಅಡಿಗೆಗೆ ಅಳೆಯುವಾಗ ಒಂದು ಹಿಡಿ ಅಕ್ಕಿ, ಒಂದು ಹಿಡಿ ರಾಗಿಹಿಟ್ಟು ಬೇರೆ ತೆಗೆದಿಡಿ. ವಾರಕ್ಕೊಮ್ಮೆ ಅದನ್ನು ನಿಮ್ಮ ಮಕ್ಕಳ ಕೈಯಲ್ಲೇ ಕೊಟ್ಟು ಕಳುಹಿಸಿ. ಬಲಿಪೂಜೆಯಲ್ಲಿ ನಮಗೆ ರೊಟ್ಟಿಯಾಗಿ ಬರುವ ಪ್ರಭು, ಪಕ್ಕದ ಮನೆಯಲ್ಲಿ ಹಸಿದವನಾಗಿ ಕಾದಿದ್ದಾನೆ. ಒಂದೆಡೆ ಆತನನ್ನು ಸ್ವೀಕರಿಸಿ ಇನ್ನೊಂದೆಡೆ ಮರೆಯುವುದು ಸಲ್ಲದು.