ಸಾವಿತ್ರಿಬಾಯಿ ಫುಲೆ

ಸಾವಿತ್ರಿಬಾಯಿ ಫುಲೆ (3 ಜನವರಿ 1831 – 10 ಮಾರ್ಚ್ 1897) ಮಹಾರಾಷ್ಟ್ರದ ಶಿಕ್ಷಕಿ, ಕವಯಿತ್ರಿ ಹಾಗೂ ಸಮಾಜ ಸುಧಾರಕಿ. ಪತಿ ಜ್ಯೋತಿರಾವ್ ಫುಲೆಯವರೊಂದಿಗೆ ಹೆಣ್ಣುಮಕ್ಕಳ ಶಾಲೆಗಳನ್ನು ನಡೆಸಿದ ಇವರು, ಗರ್ಭಿಣಿ ವಿಧವೆಯರಿಗೂ ಅವರ ಶಿಶುಗಳಿಗೂ ಪುಣೆಯಲ್ಲಿ ಆಶ್ರಯ ಒದಗಿಸಿದರು.

ಆರಂಭಿಕ ಜೀವನ

ಸಾವಿತ್ರಿಬಾಯಿಯವರು ಸಾತಾರಾ ಜಿಲ್ಲೆಯ ನಾಯಗಾಂವ್‌ನಲ್ಲಿ ಮಾಳಿ ಸಮುದಾಯದ ಕುಟುಂಬವೊಂದರಲ್ಲಿ ಜನಿಸಿದರು. 1840ರಲ್ಲಿ ಜ್ಯೋತಿರಾವ್ ಅವರೊಂದಿಗೆ ವಿವಾಹವಾಯಿತು. ಆಗ ಅವರಿಗೆ ಓದುಬರಹ ತಿಳಿದಿರಲಿಲ್ಲ. ಪತಿಯೇ ಮನೆಯಲ್ಲಿ ಅಕ್ಷರ ಕಲಿಸಿದರು. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಫುಲೆ ದಂಪತಿಗಳು ಆರಂಭಿಸಿದ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಶಿಕ್ಷಕಿಯಾದರು. ಅವರ ಮೊದಲ ಕವನ ಸಂಕಲನ ‘ಕಾವ್ಯಫುಲೆ’ 1854ರಲ್ಲಿ ಪ್ರಕಟವಾಯಿತು.

ಬಾಲಹತ್ಯಾ ಪ್ರತಿಬಂಧಕ ಗೃಹ

ಬಾಲ್ಯವಿವಾಹದ ಫಲವಾಗಿ ಮೇಲ್ಜಾತಿಗಳಲ್ಲಿ ಅನೇಕ ಹೆಣ್ಣುಮಕ್ಕಳು ಎಳೆವಯಸ್ಸಿನಲ್ಲೇ ವಿಧವೆಯರಾಗುತ್ತಿದ್ದರು. 1856ರ ಕಾಯಿದೆಯು ವಿಧವಾ ವಿವಾಹಕ್ಕೆ ಮಾನ್ಯತೆ ನೀಡಿದ್ದರೂ ಸಮಾಜ ಅದನ್ನು ಒಪ್ಪಿರಲಿಲ್ಲ. ಗರ್ಭಿಣಿಯಾದ ವಿಧವೆಯು ಬಹಿಷ್ಕಾರಕ್ಕೆ ಹೆದರಿ ಆತ್ಮಹತ್ಯೆ ಮಾಡಿಕೊಳ್ಳುವುದು ಅಥವಾ ಹೆತ್ತ ಶಿಶುವನ್ನು ಕೊಲ್ಲುವುದು ಅಪರೂಪವಾಗಿರಲಿಲ್ಲ. ಶಿಶುಹತ್ಯೆಯ ಅಪರಾಧಕ್ಕಾಗಿ ಪುಣೆಯ ಬ್ರಾಹ್ಮಣ ವಿಧವೆಯೊಬ್ಬರಿಗೆ ಅಂಡಮಾನಿನ ಗಡೀಪಾರು ಶಿಕ್ಷೆಯಾದ ಬಳಿಕ, 1863ರಲ್ಲಿ ಫುಲೆ ದಂಪತಿಗಳು ತಮ್ಮ ಮನೆಯಲ್ಲಿಯೇ ಬಾಲಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದರು.

ವಿಧವೆಯರು ಇಲ್ಲಿಗೆ ಬಂದು ಗುಟ್ಟಾಗಿ, ಸುರಕ್ಷಿತವಾಗಿ ಹೆರಬಹುದೆಂದು ನಗರದಲ್ಲಿ ಭಿತ್ತಿಪತ್ರಗಳನ್ನು ಅಂಟಿಸಲಾಯಿತು. ಮಗುವನ್ನು ತಾಯಿಯೇ ಕರೆದೊಯ್ಯಬಹುದಿತ್ತು ಅಥವಾ ಗೃಹದ ಪಾಲನೆಗೆ ಒಪ್ಪಿಸಬಹುದಿತ್ತು. ಆ ನಿರ್ಧಾರ ತಾಯಿಗೆ ಸೇರಿತ್ತು. ಬಾಣಂತಿಯರ ಹಾಗೂ ಶಿಶುಗಳ ಆರೈಕೆಯನ್ನು ಸಾವಿತ್ರಿಬಾಯಿಯವರು ನೋಡಿಕೊಂಡರು. 1884ರ ವೇಳೆಗೆ 35 ವಿಧವೆಯರು ಈ ಗೃಹದ ಆಶ್ರಯ ಪಡೆದಿದ್ದರು.

ದತ್ತುಪುತ್ರ ಯಶವಂತ

ಮಕ್ಕಳಿಲ್ಲದ ಫುಲೆ ದಂಪತಿಗಳು, ಇಲ್ಲಿ ಆಶ್ರಯ ಪಡೆದಿದ್ದ ಬ್ರಾಹ್ಮಣ ವಿಧವೆಯೊಬ್ಬರ ಮಗನಾದ ಯಶವಂತನನ್ನು ದತ್ತು ಪಡೆದರು. ಮುಂದೆ ಆತ ವೈದ್ಯನಾದನು. 1890ರಲ್ಲಿ ಜ್ಯೋತಿರಾವ್ ನಿಧನರಾದಾಗ, ಅಂತ್ಯಯಾತ್ರೆಯಲ್ಲಿ ದತ್ತುಪುತ್ರನು ಮಡಕೆ ಹಿಡಿಯುವುದನ್ನು ಬಂಧುಗಳು ವಿರೋಧಿಸಿದರು. ಸಾವಿತ್ರಿಬಾಯಿಯವರೇ ಮಡಕೆ ಹಿಡಿದು ಮುಂದೆ ನಡೆದು, ಚಿತೆಗೆ ಅಗ್ನಿಸ್ಪರ್ಶ ಮಾಡಿದರು.

ನಿಧನ

ಪತಿಯ ನಂತರ ಸಾವಿತ್ರಿಬಾಯಿಯವರು ಸತ್ಯಶೋಧಕ ಸಮಾಜದ ಕಾರ್ಯವನ್ನು ಮುಂದುವರಿಸಿದರು. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹರಡಿದಾಗ, ಯಶವಂತನು ನಗರದ ಹೊರವಲಯದಲ್ಲಿ ಚಿಕಿತ್ಸಾಲಯ ನಡೆಸಿದನು. ತಾಯಿ ರೋಗಿಗಳನ್ನು ಅಲ್ಲಿಗೆ ಕರೆತರುತ್ತಿದ್ದರು. ಮುಂಢ್ವಾದಿಂದ ಸೋಂಕಿತ ಬಾಲಕನೊಬ್ಬನನ್ನು ಹೊತ್ತು ತಂದ ಬಳಿಕ ಅವರಿಗೂ ಪ್ಲೇಗ್ ತಗುಲಿತು. ಅದೇ ವರ್ಷ ಮಾರ್ಚ್ 10ರಂದು ಅವರು ನಿಧನರಾದರು. 2014ರಲ್ಲಿ ಪುಣೆ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನಿಡಲಾಯಿತು.