ಸುಬ್ಬರಾವ್: ಹೃದಯದ ಇಂಧನ ಹುಡುಕಿದ ಮದ್ರಾಸಿನ ವೈದ್ಯ

ಯಲ್ಲಾಪ್ರಗಡ ಸುಬ್ಬರಾವ್ 1895ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ಭೀಮಾವರಂನಲ್ಲಿ ಹುಟ್ಟಿದರು. ಮೆಟ್ರಿಕ್ಯುಲೇಷನ್ ಪಾಸಾದದ್ದು ಮೂರನೇ ಸಲಕ್ಕೆ. ಚೆನ್ನೈ ಸೆಂಟ್ರಲ್ ನಿಲ್ದಾಣದ ಬಳಿಯ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಶಸ್ತ್ರಚಿಕಿತ್ಸೆಯ ಬ್ರಿಟಿಷ್ ಪ್ರಾಧ್ಯಾಪಕರಿಗೆ ಅದು ಹಿಡಿಸಲಿಲ್ಲ. ಕೊನೆಗೆ ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಅಷ್ಟೇ ಸಿಕ್ಕಿತು. ಕೆಲಕಾಲ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿ, 1922ರಲ್ಲಿ ಬಾಸ್ಟನ್‌ಗೆ ಹೋದರು. ಖರ್ಚಿಗಾಗಿ ಅಲ್ಲಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಆಳಾಗಿ ದುಡಿದರು.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ 1925ರಲ್ಲಿ ರಕ್ತದ ರಂಜಕವನ್ನು ಅಳೆಯುವ ವಿಧಾನ ರೂಪಿಸಿದರು. ಫಾಸ್ಫೋಲಿಪಿಡ್ ಎಂಬ ಕೊಬ್ಬನ್ನು ಅಳೆಯಲೂ ಆ ವಿಧಾನ ಮುಂದೆ ನೆರವಾಯಿತು. 1927ರಲ್ಲಿ ಸ್ನಾಯುಗಳಲ್ಲಿ ಫಾಸ್ಫೋಕ್ರಿಯಾಟಿನ್, ನಂತರ ಎಟಿಪಿ ಕಂಡುಹಿಡಿದರು. ಹೃದಯದ ಪ್ರತಿ ಬಡಿತಕ್ಕೂ ಎಟಿಪಿಯೇ ಇಂಧನ. ಫಾಸ್ಫೋಕ್ರಿಯಾಟಿನ್ ಅದರ ಮೀಸಲು. ಹೃದಯಾಘಾತವಾದಾಗ ವೈದ್ಯರು ನೋಡುತ್ತಿದ್ದ ಸಿಕೆ-ಎಂಬಿ ಪರೀಕ್ಷೆ, ಈ ಎರಡರ ನಡುವೆ ಕೆಲಸ ಮಾಡುವ ಕಿಣ್ವದ್ದೇ. ಈಗ ಹೆಚ್ಚಾಗಿ ಟ್ರೋಪೋನಿನ್ ನೋಡುತ್ತಾರೆ.

ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡಿದ್ದರು. ಯಕೃತ್ತಿನ ಸಾರದಲ್ಲಿರುವ ಬಿ ವಿಟಮಿನ್‌ಗಳ ಬೆನ್ನು ಹತ್ತಲು ಅದೂ ಒಂದು ಕಾರಣ. 1940ರಲ್ಲಿ ಲೆಡರ್ಲೆ ಕಂಪನಿ ಸೇರಿದ ಮೇಲೆ ಅವರ ತಂಡ ಫೋಲಿಕ್ ಆಮ್ಲ ತಯಾರಿಸಿತು. ಆನೆಕಾಲು ರೋಗದ ಹೆಟ್ರಜಾನ್, ರಕ್ತ ಕ್ಯಾನ್ಸರ್‌ನ ಔಷಧಿಗಳೂ ಅಲ್ಲಿಂದ ಬಂದವು. ಇಷ್ಟಾದರೂ ನೊಬೆಲ್ ಬರಲಿಲ್ಲ, ನಮ್ಮ ಶಾಲಾ ಪುಸ್ತಕಗಳಲ್ಲೂ ಅವರು ಅಪರೂಪ.

1948ರ ಆಗಸ್ಟ್‌ನಲ್ಲಿ ನಿದ್ದೆಯಲ್ಲೇ ಹೃದಯಾಘಾತವಾಗಿ ಹೋದರು. ವಯಸ್ಸು 53. ಹೃದಯ ರೋಗಕ್ಕೂ ಕೊಲೆಸ್ಟ್ರಾಲ್‌ಗೂ ಇರುವ ನಂಟನ್ನು ಬಯಲು ಮಾಡಿದ ಫ್ರಾಮಿಂಗ್‌ಹ್ಯಾಮ್ ಅಧ್ಯಯನ ಶುರುವಾಗಿದ್ದು ಅದೇ ವರ್ಷ. ಸ್ಟ್ಯಾಟಿನ್ ಮಾತ್ರೆ ಬರಲು ಇನ್ನೂ ನಾಲ್ಕು ದಶಕ ಬೇಕಿತ್ತು.

ಬಿ ಗುಂಪಿನದೇ ನಿಯಾಸಿನ್, ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಕೊಲೆಸ್ಟ್ರಾಲ್ ಇಳಿಸುತ್ತದೆ ಎಂದು 1955ರಲ್ಲಿ ಗೊತ್ತಾಯಿತು. ಆದರೆ ಸ್ಟ್ಯಾಟಿನ್ ತೆಗೆದುಕೊಳ್ಳುವವರಿಗೆ ಅದನ್ನು ಸೇರಿಸಿದಾಗ ವರದಿಯ ಅಂಕಿ ಸುಧಾರಿಸಿತೇ ಹೊರತು ಹೃದಯಾಘಾತ ಕಡಿಮೆಯಾಗಲಿಲ್ಲ. 2011 ಮತ್ತು 2014ರ ದೊಡ್ಡ ಪ್ರಯೋಗಗಳು ಇದನ್ನು ತೋರಿಸಿದವು.

ಮೀನೆಣ್ಣೆಯ ಕಥೆಯೂ ಹೆಚ್ಚುಕಡಿಮೆ ಹೀಗೇ. 1999ರಲ್ಲಿ ಇಟಲಿಯಲ್ಲಿ ಹೃದಯಾಘಾತವಾದ 11,000ಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ ದಿನಕ್ಕೆ 1 ಗ್ರಾಂ ಒಮೆಗಾ-3ರಿಂದ ಸಾವು ಕಡಿಮೆಯಾಗಿತ್ತು. ಸ್ಟ್ಯಾಟಿನ್ ಎಲ್ಲರಿಗೂ ಸಿಗತೊಡಗಿದ ಮೇಲೆ ಆ ಲಾಭ ಮತ್ತೆ ಸರಿಯಾಗಿ ಕಾಣಲಿಲ್ಲ. 2018ರಲ್ಲಿ, ಟ್ರೈಗ್ಲಿಸರೈಡ್ ಹೆಚ್ಚಿದ್ದವರಿಗೆ ಸ್ಟ್ಯಾಟಿನ್ ಜೊತೆ ದಿನಕ್ಕೆ 4 ಗ್ರಾಂ ಶುದ್ಧೀಕರಿಸಿದ ಇಪಿಎ ಕೊಟ್ಟಾಗ ಪ್ರಯೋಜನ ಕಂಡಿತು. ಜೊತೆಗೆ ಹೃದಯ ಬಡಿತದ ಏರುಪೇರು, ರಕ್ತಸ್ರಾವವೂ ಸ್ವಲ್ಪ ಹೆಚ್ಚಿದವು. ಅಂಗಡಿಯ 1000 ಮಿಲಿಗ್ರಾಂ ಕ್ಯಾಪ್ಸೂಲ್‌ನಲ್ಲಿ ಸಾಮಾನ್ಯವಾಗಿ ಇಪಿಎ, ಡಿಎಚ್‌ಎ ಎರಡೂ ಸೇರಿ 300 ಮಿಲಿಗ್ರಾಂ ಮಾತ್ರ ಇರುತ್ತದೆ. ಅದನ್ನು ಈಗಾಗಲೇ ಕೊಡುತ್ತಿದ್ದರೆ ಡಬ್ಬಿಯನ್ನೇ ವೈದ್ಯರಿಗೆ ತೋರಿಸಿ, ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ನಡೆಯುತ್ತಿದ್ದರೆ ತಿಳಿಸಿ. ಅದರ ಭರವಸೆಯಲ್ಲಿ ಸ್ಟ್ಯಾಟಿನ್ ಮಾತ್ರ ನಿಲ್ಲಿಸಬೇಡಿ.